ಹೊಂದದವನು

"ನಾಳೆ ಬೆಳಿಗ್ಗೆ ತಿಂಡಿ ತಿಂದ್ಕೊಂಡೇ ಬನ್ನಿ, ಅರ್ಧ ಗಂಟೆ ಕೆಲಸ ಅಷ್ಟೇ," ಎಂದಳು ಫೋನಿನಲ್ಲಿ ಆಸ್ಪತ್ರೆಯ ನರ್ಸ್. "ನಿಮ್ಮದು ಅಕ್ಕನಿಗೆ ಹೊಂದಲ್ಲ ಅಂತ ಹಳೇ ಫೈಲಲ್ಲಿದೆ. ಈಗ ನಮ್ಮ ಸಂಶೋಧನೆಗೆ ಅಂಥವರೇ ಬೇಕಾಗಿದ್ದಾರೆ."

ಈಜುಕೊಳದ ಅಂಚಿನಲ್ಲಿ ನಿಂತಿದ್ದ ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ನೀರಿನಲ್ಲಿ ಹತ್ತು ಹನ್ನೆರಡು ಮಕ್ಕಳು ಕಾಲು ಬಡಿಯುತ್ತಿದ್ದರು. ಊರಿಗೆಲ್ಲ ಅವನು ಈಜು ಮೇಷ್ಟ್ರು. ನಲವತ್ತು ದಾಟಿದರೂ ಕಲ್ಲಿನಂಥ ಮೈ. ಹೆದರಿ ನಡುಗುವ ಮಕ್ಕಳಿಗೆ "ನಾನಿದ್ದೀನಲ್ಲ, ಹಾರು" ಎನ್ನುವುದೇ ಅವನ ಕಸುಬು.

ಒಂಬತ್ತು ವರ್ಷದ ಹಿಂದೆ, ಹಾರಬೇಕಾದ ಹೊತ್ತಿನಲ್ಲಿ, ಅವನೇ ಹಾರಿರಲಿಲ್ಲ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದ ಕಾಲ ಅದು. ತನ್ನದೊಂದನ್ನು ಕೊಡುತ್ತೇನೆಂದು ಮನೆಮಂದಿಯೆದುರು ಎದೆ ತಟ್ಟಿಕೊಂಡು ಹೇಳಿದ್ದ. ಪರೀಕ್ಷೆಗಳೆಲ್ಲ ಆದವು. ವರದಿ ಬಂದ ದಿನ ಒಬ್ಬನೇ ಹೋದ.

"ಚೆನ್ನಾಗಿ ಹೊಂದುತ್ತೆ," ಎಂದರು ಆಗಿದ್ದ ಹಿರಿಯ ಡಾಕ್ಟರು.

ಅವನು ವರದಿಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದ. "ನನ್ನ ಕೈಲಾಗಲ್ಲ ಸರ್. ಮನೇಲಿ ಯಾವ ಮುಖ ಇಟ್ಕೊಂಡು ಹೇಳಲಿ?"

ಡಾಕ್ಟರು ಬಯ್ಯಲಿಲ್ಲ. ಮನಸ್ಸಿಲ್ಲದವರಿಂದ ನಾವು ತೆಗೆದುಕೊಳ್ಳುವುದಿಲ್ಲ ಎಂದರು. ಪೆನ್ನು ತೆರೆದು ಫೈಲಿನಲ್ಲಿ 'ಹೊಂದುವುದಿಲ್ಲ' ಎಂದು ಬರೆದರು.

ಸುದ್ದಿ ಕೇಳಿ ಅಕ್ಕ ಅಳಲಿಲ್ಲ, ಅತ್ತವನು ಅವನು. ಅವಳೇ ಅವನ ಬೆನ್ನು ಸವರಿ, "ಬಿಡೋ, ಹುಟ್ಟಿದಾಗಿಂದ ನಮಗಿಬ್ಬರಿಗೆ ಯಾವ ವಿಷಯ ಹೊಂದಿದೆ ಹೇಳು?" ಎಂದು ನಗಿಸಲು ನೋಡಿದಳು. ಅವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಎಂಥೆಂಥವರ ತಪ್ಪುಗಳನ್ನೂ ಹೆಕ್ಕಿ ತೆಗೆಯುವವಳಿಗೆ ತಮ್ಮನದೊಂದು ಕಾಣಲಿಲ್ಲ.

ಮೂರು ವರ್ಷ, ವಾರಕ್ಕೆ ಮೂರು ಸಲ, ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗಿದಳು. ಕೊನೆಗೆ ಅಪಘಾತದಲ್ಲಿ ತೀರಿಕೊಂಡ ಯಾರದೋ ಕಿಡ್ನಿ ಸಿಕ್ಕಿತು. ಪರರ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಅಂದಿನಿಂದ ದಿನಕ್ಕೆರಡು ಹೊತ್ತು ಹಿಡಿ ತುಂಬ ಮಾತ್ರೆ.

ಈಗ ಆ ಕಿಡ್ನಿಯೂ ಹೋಯಿತೇ?

ಕೊಳದಿಂದ ನೇರ ಅವಳ ಮನೆಗೆ ಹೋದ. ವರ್ಷದ ಮೇಲಾಗಿತ್ತು ಅಲ್ಲಿಗೆ ಕಾಲಿಟ್ಟು. ಫೋನಿನಲ್ಲಿ ಮಾತಾಡುವುದು ಸುಲಭ. ಕಣ್ಣೆದುರು ಕೂತರೆ ಮುಖ ಎತ್ತಲಾಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಸದಾ ಇರುತ್ತಿದ್ದ ಮಾತ್ರೆ ಡಬ್ಬಿ ಕಾಣಲಿಲ್ಲ.

"ಮಾತ್ರೆ ಎಲ್ಲಕ್ಕ?"

"ಬಿಟ್ಬಿಟ್ಟೆ ಕಣೋ. ಡಾಕ್ಟರೇ ಇನ್ನು ಬೇಡ ಅಂದ್ರು." ಅಕ್ಕ ಅವನತ್ತ ನೋಡಲಿಲ್ಲ. ತುಟಿಯಂಚಿನಲ್ಲಿ ಏನನ್ನೋ ಬಿಗಿಹಿಡಿದಿದ್ದಳು. ಅಳುವೇ ಇರಬೇಕು. "ನಾಳೆ ನೀನೂ ಬರ್ತೀಯಲ್ಲ, ಅವರೇ ಹೇಳ್ತಾರೆ."

ಡಾಕ್ಟರುಗಳೂ ಕೈಚೆಲ್ಲಿಬಿಟ್ಟಿದ್ದಾರೆ. ಅವಳು ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೂರನೇ ಮಹಡಿ. ಬೆಂಚಿನೆದುರಿನ ಗೋಡೆಯ ಮೇಲೊಂದು ಫಲಕ: 'ಹೊಂದದ ಅಂಗವನ್ನೂ ದೇಹ ಒಪ್ಪಿಕೊಳ್ಳುವಂತೆ ಮಾಡುವತ್ತ ನಮ್ಮ ಹೆಜ್ಜೆ.' ಅವನು ಎರಡು ಸಲ ಓದಿದ. ಒಂಬತ್ತು ವರ್ಷ ಅಡಗಿ ಕೂತಿದ್ದ ನೆಪವನ್ನು ವಿಜ್ಞಾನ ಕಿತ್ತುಕೊಂಡಿತ್ತು. ಕೊಡುವುದಂತೂ ಸರಿ, ಈ ಸಲ ಕೊಟ್ಟೇ ಕೊಡುತ್ತೇನೆ. ಆದರೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಮಾಡಿದರೆ, ಅಂದೇ ಹೊಂದುತ್ತಿತ್ತು ಎಂದು ಗೊತ್ತಾಗುತ್ತದೆ. ವರದಿಯ ಬಾಯಿಂದ ಅಕ್ಕ ಅದನ್ನು ಕೇಳುವುದಕ್ಕಿಂತ ತಾನೇ ಹೇಳಿಬಿಡುವುದು ಮೇಲು.

ಒಳಗೆ ಕರೆದರು. ಸಂಶೋಧನೆ ನಡೆಸುತ್ತಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಕ್ಕ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದಳು. ಅವನು ಪಕ್ಕದ ಕುರ್ಚಿಯಲ್ಲಿ ಕೂತ. ನರ್ಸ್ ಟ್ರೇ ಹಿಡಿದು ನಿಂತಿದ್ದಳು.

"ನೀವು ಒಪ್ಪಿದ್ರೆ ಈಗಲೇ ಶುರು ಮಾಡೋಣ. ಹೆದರಿಕೆ ಇಲ್ಲ ತಾನೇ?" ಎಂದರು ಡಾಕ್ಟರು.

ಆ ಮಾತು ಅವನ ಕೆನ್ನೆಗೆ ಹೊಡೆದಂತಾಯಿತು. ಎದ್ದು ನಿಂತ.

"ಕೊಡ್ತೀನಿ ಡಾಕ್ಟ್ರೇ. ಆದ್ರೆ ಆ ಫೈಲಲ್ಲಿರೋದು ಸುಳ್ಳು. ಅವತ್ತೇ ಹೊಂದಿತ್ತು. ನನಗೆ ಭಯ ಆಯ್ತು. ಹಳೇ ಡಾಕ್ಟರಿಗೆ ಹೇಳಿ ಹಾಗೆ ಬರೆಸಿದೆ." ಅಕ್ಕನತ್ತ ತಿರುಗಿದ, ನೋಡಿದ್ದು ಮಾತ್ರ ಅವಳ ಚಪ್ಪಲಿಯನ್ನು. "ಮೂರು ವರ್ಷ ನೀನು ಆ ಯಂತ್ರದ ಪಕ್ಕ ಮಲಗಿದ್ದು ನನ್ನಿಂದ ಅಕ್ಕ. ಈಗ ತಗೋ. ಎಡಗಡೇದೋ ಬಲಗಡೇದೋ, ಯಾವುದು ಬೇಕೋ ತಗೋ."

ನರ್ಸ್ ಸದ್ದಾಗದಂತೆ ಟ್ರೇಯನ್ನು ಮೇಜಿನ ಮೇಲಿಟ್ಟಳು. ಅದರಲ್ಲಿದ್ದದ್ದು ಒಂದು ಸಿರಿಂಜು, ಒಂದಿಷ್ಟು ಹತ್ತಿ.

"ಕಿಡ್ನಿ ಯಾರು ಕೇಳಿದ್ರು?" ಎಂದರು ಡಾಕ್ಟರು, ಮೆಲ್ಲಗೆ. "ಇವರ ಕಿಡ್ನಿ ಗಟ್ಟಿಯಾಗಿದೆ. ಮಾತ್ರೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಪೂರ್ತಿ ನಿಲ್ಲಿಸಿ ಹನ್ನೊಂದು ತಿಂಗಳಾಯ್ತು. ದೇಹ ಅದನ್ನ ತನ್ನದೇ ಅಂತ ಒಪ್ಕೊಂಡಿದೆ. ನಮ್ಮ ಸಂಶೋಧನೆಯಲ್ಲಿ ಗೆದ್ದ ಮೊದಲನೆಯವರು ಇವರು. ಇನ್ನು ಬೇರೆಯವರ ರಕ್ತ ಕಂಡ್ರೆ ಇವರ ರಕ್ತ ಮೊದಲಿನ ಹಾಗೆ ತಿರುಗಿ ಬೀಳುತ್ತಾ ಅಂತ ನೋಡ್ಬೇಕಿತ್ತು. ಅದಕ್ಕೆ ಲ್ಯಾಬಲ್ಲಿ ಬೆರೆಸಿ ನೋಡೋಕೆ ಹೊಂದದವರ ರಕ್ತ ಬೇಕಿತ್ತು, ಎರಡು ಚಮಚದಷ್ಟು. ಹೊರಗಿನವರು ಯಾರಾದ್ರೂ ಆಗ್ತಿತ್ತು."

ಅವನು ಮೊದಲ ಸಲ ಮುಖ ಎತ್ತಿದ. ನಿನ್ನೆಯಿಂದ ಅಕ್ಕ ತಡೆದಿಟ್ಟುಕೊಂಡಿದ್ದ ನಗು ಅವಳ ತುಟಿಯ ಮೇಲೆ ಅರ್ಧಕ್ಕೇ ನಿಂತುಹೋಗಿತ್ತು.

"ನಿನ್ನನ್ನೇ ಕರೀರಿ ಅಂತ ನಾನೇ ಹೇಳಿದ್ದು ಕಣೋ," ಎಂದಳು. "ಅಕ್ಕನಿಗೆ ಏನೂ ಕೊಡೋಕಾಗ್ಲಿಲ್ಲ ಅಂತ ಒಂಬತ್ತು ವರ್ಷದಿಂದ ಕೊರಗ್ತಿದ್ದೀಯಲ್ಲ, ಇಷ್ಟಾದ್ರೂ ಕೊಟ್ಟು ಹಗುರ ಆಗ್ಲಿ ಅಂತ."