ಟಿವಿಯ ಮುಂದೆ ಸಂದರ್ಶನ

ಮೂರನೇ ಪ್ರಶ್ನೆಗೆ ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ರಿಮೋಟ್ ಎತ್ತಿ ಟಿವಿಯ ದನಿಯನ್ನು ಸ್ವಲ್ಪ ಇಳಿಸಿದರು. "ಈ ಹೆಂಗಸಿನ ಗಂಟಲು ಜೋರು" ಎಂದು ಮಗನ ಕಿವಿಯಲ್ಲಿ ಹೇಳಿದರು. ಪಿಸುಮಾತೆಂದು ಅವರು ಅಂದುಕೊಂಡಿದ್ದರೂ ಅಡುಗೆಮನೆಯಲ್ಲಿ ಇರುವವರಿಗೂ ಕೇಳಿಸುವ ಹಾಗಿತ್ತು.

ಟಿವಿಯಲ್ಲಿದ್ದ ಆ ಹೆಂಗಸು ಧಾರಾವಾಹಿಯವಳಲ್ಲ. ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದ ಮುಖ್ಯಸ್ಥೆ. ಎಡಬಲಕ್ಕೆ ಇನ್ನಿಬ್ಬರನ್ನು ಕೂರಿಸಿಕೊಂಡು ಈ ಮನೆಯ ಸೊಸೆಯನ್ನು ಸಂದರ್ಶನ ಮಾಡುತ್ತಿದ್ದಳು. ಸೊಸೆ ಅದೇ ಕೆಲಸದಲ್ಲಿ ಪಳಗಿದವಳು, ಮದುವೆಯಾಗಿ ಎರಡು ವರ್ಷದ ಮೇಲೆ ಅದನ್ನು ಬಿಟ್ಟವಳು. ಈ ಸಲ ಕೈತಪ್ಪಿದರೆ ಮುಂದಿನ ಸಲಕ್ಕೆ ಅವಳ ವಯಸ್ಸು ಮೀರಿರುತ್ತದೆ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದು ಏನು ಬಂತು?

ಫೋನಿನಲ್ಲಿ ಬೇಡ, ಕಂಪ್ಯೂಟರಿನಲ್ಲೇ ಬನ್ನಿ ಎಂದು ಪ್ರಯೋಗಾಲಯದವರು ಮೊದಲೇ ತಿಳಿಸಿದ್ದರು. ಕಂಪ್ಯೂಟರೇನೋ ಇತ್ತು. ಆದರೆ ಮಂಚದ ಮೇಲಿದ್ದ ಲ್ಯಾಪ್‌ಟಾಪಿನ ಮೇಲೆ ಗಂಡ ಹಿಂದಿನ ದಿನ ಹಿಂದೆಮುಂದೆ ನೋಡದೆ ಕೂತುಬಿಟ್ಟು, ಅದರ ಪರದೆ ಸತ್ತುಹೋಗಿತ್ತು. ಮಿಕ್ಕಿದ್ದೆಲ್ಲ ನೆಟ್ಟಗಿತ್ತು. ಒಂದು ಕೇಬಲ್ ತಂದು ಅದನ್ನು ಟಿವಿಗೆ ಸಿಕ್ಕಿಸಿದವನೂ ಅವನೇ. ಚಿತ್ರ ಮೂಡಿದಾಗ ಮನೆ ಕಟ್ಟಿಸಿಕೊಟ್ಟವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಕೂತು ಕೆಡಿಸಿದ್ದು ಯಾರು ಎಂಬುದು ಆ ಸಂಭ್ರಮದಲ್ಲಿ ಮರೆತೇಹೋಯಿತು. ಈಗ ಕ್ಯಾಮೆರಾ, ಮೈಕು ಲ್ಯಾಪ್‌ಟಾಪಿನವು. ಎದುರಿನವರ ಮುಖವೂ ಮಾತೂ ಟಿವಿಯಲ್ಲಿ.

ಅರ್ಧ ಗಂಟೆ ಒಳಕೋಣೆಯಲ್ಲಿ ಕೂತಿರಿ ಎಂದು ಅವಳು ಇಬ್ಬರನ್ನೂ ಕೈಮುಗಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡಿದ್ದಳು. ಆ ಸೋಫಾ ಬಿಟ್ಟರೆ ಮಾವನಿಗೆ ಬೆನ್ನು ಹಿಡಿಯುತ್ತದಂತೆ. ಕೇಬಲ್ ಸಡಿಲವಾದರೆ ನೋಡುವವರು ಯಾರು ಎಂದು ಗಂಡ ಕೇಳಿದ. ಕೊನೆಗೆ ಕ್ಯಾಮೆರಾಗೆ ಕಾಣದ ಹಾಗೆ ಸೋಫಾವನ್ನು ಗೋಡೆಯ ಪಕ್ಕಕ್ಕೆ ಎಳೆದು, ಅವಳು ಸ್ಟೂಲಿನ ಮೇಲೆ ಕೂತಳು.

ಆದರೂ ಮೂರನೇ ಪ್ರಶ್ನೆಗೆ ಅವಳು ಚೆನ್ನಾಗಿಯೇ ಉತ್ತರ ಕೊಟ್ಟಳು. ಬಾಟಲಿಯನ್ನು ಸರಿಯಾಗಿ ತೊಳೆಯದೆ ತಂದ ನೀರನ್ನು ತಾನು ಪರೀಕ್ಷೆಗೇ ತೆಗೆದುಕೊಳ್ಳುವುದಿಲ್ಲ, ಯಾರು ಒತ್ತಾಯ ಮಾಡಿದರೂ ವಾಪಸು ಕಳಿಸುತ್ತೇನೆ ಎಂದಳು. ಮುಖ್ಯಸ್ಥೆಯ ಮುಖ ಅರಳಿತು. ಅವಳಿಗೂ ಮೈಯಲ್ಲಿ ಹಳೆಯ ಹುರುಪು ಬಂದ ಹಾಗಾಯಿತು.

"ಇಷ್ಟು ಕೆಲಸ ಗೊತ್ತಿರೋರು ಮಧ್ಯದಲ್ಲಿ ಯಾಕೆ ಬಿಟ್ರಿ?" ಎಂದು ಮುಖ್ಯಸ್ಥೆ ಕೇಳಿದಳು. "ನಾಳೆ ಮತ್ತೆ..."

ಅಲ್ಲಿಗೆ ದನಿ ನಿಂತಿತು. ಪರದೆಯ ಮೇಲೆ ತುಟಿಗಳು ಆಡುತ್ತಲೇ ಇದ್ದವು. ಗಂಡನಿಗೆ ಫೋನ್ ಬಂದಿತ್ತು. ಆ ಮನೆಯಲ್ಲಿ ಫೋನ್ ಬಂದರೆ ಮೊದಲು ರಿಮೋಟ್ ಒತ್ತಿ ಟಿವಿಯ ಬಾಯಿ ಮುಚ್ಚಿಸುವುದು, ಆಮೇಲೆ ಹಲೋ ಅನ್ನುವುದು. ಅವನ ಕೈ ತಾನಾಗಿ ಆ ಕೆಲಸ ಮಾಡಿ ಮುಗಿಸಿತ್ತು. ಅವಳು ಕಣ್ಣಲ್ಲೇ ಗದರಿದಳು. ಅವನು ಒಂದು ನಿಮಿಷ ಎಂದು ಬೆರಳೆತ್ತಿ, ಕಾರಿನ ಸೀಟಿಗೆ ಯಾವ ಬಣ್ಣದ ಹೊದಿಕೆ ಒಪ್ಪುತ್ತದೆ ಎಂಬ ಗೆಳೆಯನ ಸಂಕಟಕ್ಕೆ ಕಿವಿಗೊಟ್ಟ.

"ಇಲ್ಲ ಇಲ್ಲ, ಏನೂ ಕೆಲಸ ಇಲ್ಲ, ಹೇಳು" ಎಂದ. "ಸುಮ್ನೆ ಟಿವಿ ಹಾಕಿದ್ವಿ."

ಅವಳು ಎದ್ದು ಹೋಗಿ ಅವನ ಕೈಯಿಂದ ರಿಮೋಟ್ ಕಿತ್ತುಕೊಂಡು ದನಿ ಹಾಕಿದಳು, ಬಂದು ಕೂತಳು. ಟಿವಿಯಲ್ಲಿ ಮೂವರೂ ಮುಖಮುಖ ನೋಡಿಕೊಳ್ಳುತ್ತಿದ್ದರು. ಮೈಕು ಎಲ್ಲವನ್ನೂ ಚಾಚೂ ತಪ್ಪದೆ ಅವರಿಗೆ ಮುಟ್ಟಿಸಿತ್ತು.

ಮುಖ್ಯಸ್ಥೆ ಗಂಟಲು ಸರಿಮಾಡಿಕೊಂಡು, "ಅಲ್ಲಿ ಟಿವಿ ಓಡ್ತಾ ಇರೋ ಹಾಗಿದೆ. ದಯವಿಟ್ಟು ಆಫ್ ಮಾಡೋಕೆ ಹೇಳ್ತೀರಾ?" ಎಂದಳು.

ಮಾವನಿಗೆ ಸೊಸೆಯ ಮಾತು ಹತ್ತು ಸಲ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ದೊಡ್ಡ ಅಧಿಕಾರಿಯ ಮಾತು ಒಂದೇ ಸಲಕ್ಕೆ ಹೋಯಿತು. ಬೆನ್ನು ನೋವು ಎಲ್ಲಿ ಹೋಯಿತೋ, ದಡಬಡ ಎದ್ದು, ಅವಳು ಬೇಡ ಅನ್ನುವುದರೊಳಗೆ ಗೋಡೆಯ ಸ್ವಿಚ್ ಆರಿಸಿದರು. ಪರದೆ ಕಪ್ಪಾಯಿತು. "ಆಯ್ತಮ್ಮಾ, ಈಗ ಮಾತಾಡು" ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಎಷ್ಟೋ ವರ್ಷದಿಂದ ನುಂಗುತ್ತಾ ಬಂದ ಸಿಟ್ಟು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿಂದಲೇ ಒಂದು ಸಣ್ಣ ದನಿ ಎದ್ದಿತು. ಟಿವಿ ಆರಿದ್ದರಿಂದ ಮಾತು ಲ್ಯಾಪ್‌ಟಾಪಿಗೇ ಮರಳಿತ್ತು.

"ಹಲೋ, ಇದೀರಾ? ನೀವು ನಮಗೆ ಕಾಣ್ತಾ ಇದೀರಿ. ನಮ್ಮ ಪ್ರಶ್ನೆ ಕೇಳಿಸ್ತಾ?"

ಕೆಲಸ ಬಿಟ್ಟದ್ದರ ಪ್ರಶ್ನೆ ಬಂದೇ ಬರುತ್ತದೆ ಎಂದು ಅವಳು ಉತ್ತರ ಉರುಹೊಡೆದಿದ್ದಳು. ಸಂಸಾರದ ಜವಾಬ್ದಾರಿ, ಮನೆಯವರ ಸಹಕಾರ, ಹೊಸ ಹುಮ್ಮಸ್ಸು, ಎಲ್ಲ ನಯವಾದ ಮಾತುಗಳು. ಗಂಡ ಇನ್ನೂ ಬಣ್ಣ ಆರಿಸುತ್ತಿದ್ದ. ಮಾವ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿ ಕ್ಯಾಮೆರಾವನ್ನೇ ನೋಡಿದಳು.

"ಕೇಳಿಸ್ತು ಮೇಡಂ. ಮಧ್ಯದಲ್ಲಿ ಕೆಲಸ ಯಾಕೆ ಬಿಟ್ಟೆ ಅಂತ ಕೇಳಿದ್ರಿ. ಇಷ್ಟು ಹೊತ್ತೂ ನೀವೇ ಕೇಳಿಸ್ಕೊಂಡ್ರಲ್ಲ, ಅದಕ್ಕೇ."