ಕಳೆದುಹೋಗಬೇಕಾದ ಚಪ್ಪಲಿ

ಆರು ತಿಂಗಳಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಮಲಗಿದರೆ ನಿದ್ದೆಯಿಲ್ಲ, ಅನ್ನ ಸೇರುತ್ತಿರಲಿಲ್ಲ. ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟಿದ್ದರು. ಅವನ ಅಕ್ಕ ಮಾತ್ರ ಇದು ಶನಿಕಾಟವೇ ಎಂದಳು. ಶನಿವಾರ ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿ ಕಳುವಾದರೆ ಶನಿ ನಮ್ಮನ್ನು ಬಿಟ್ಟು ಕದ್ದವರ ಬೆನ್ನು ಹತ್ತುತ್ತಾನಂತೆ.

ಅವನ ಸವೆದ ಚಪ್ಪಲಿಯನ್ನು ಎರಡು ಶನಿವಾರ ಯಾರೂ ಮುಟ್ಟಲಿಲ್ಲ.

"ನನ್ನ ಹಣೆಬರಹ ನೋಡು, ಕಳ್ಳರಿಗೂ ಬೇಡ."

"ಕಳ್ಳರಿಗೂ ಕಣ್ಣಿರುತ್ತಲ್ರೀ. ಹೊಸದು ತಗೊಳ್ಳಿ," ಎಂದಳು ಹೆಂಡತಿ.

ಮೂರನೇ ಶನಿವಾರ ಸಂಜೆ ಹೊಸ ಜೋಡಿಯನ್ನು ದೇವಸ್ಥಾನದ ಮೆಟ್ಟಿಲ ಬದಿ ಬಿಟ್ಟ. ಒಂದು ಸುತ್ತು ಬಂದು ಇಣುಕಿದ, ಅಲ್ಲೇ ಇತ್ತು. ಇನ್ನೊಂದು ಸುತ್ತು ಬಂದು ಇಣುಕಿದ, ಅಲ್ಲೇ ಇತ್ತು.

"ನೀವು ಹೀಗೆ ಕಾವಲು ನಿಂತ್ರೆ ಯಾರು ತಗೊಂಡು ಹೋಗ್ತಾರೆ? ಸುಮ್ಮನೆ ಒಂಬತ್ತು ಸುತ್ತು ಮುಗಿಸಿ. ನಾನು ಸೊಪ್ಪು ತಗೊಂಡು ಮನೇಗೆ ಹೋಗಿರ್ತೀನಿ," ಎಂದು ಜೊತೆಗೆ ಬಂದಿದ್ದ ಹೆಂಡತಿ ಚೀಲ ಹಿಡಿದು ಹೊರಟಳು.

ಅರ್ಧ ಗಂಟೆಯಲ್ಲಿ ಅವನು ಬರಿಗಾಲಲ್ಲಿ ಓಡೋಡಿ ಬಂದ. "ಹೋಯ್ತು ಕಣೇ! ಕೊನೆಗೂ ಹೋಯ್ತು!" ಆರು ತಿಂಗಳಲ್ಲಿ ಮೊದಲ ಸಲ ನಕ್ಕ. ತಾನಾಗಿಯೇ ಊಟ ಬಡಿಸು ಎಂದ. ಎರಡನೇ ಸಲ ಅನ್ನ ಹಾಕಿಸಿಕೊಂಡವನು ಕಲೆಸುತ್ತಿದ್ದ ಕೈಯನ್ನು ತಟ್ಟನೆ ನಿಲ್ಲಿಸಿದ.

"ಪಾಪ, ಯಾರು ತಗೊಂಡ್ರೋ. ಇನ್ಮೇಲೆ ನನ್ನ ಪಾಡೆಲ್ಲ ಅವರದು."

"ತಡ್ಕೊಳ್ಳೋ ಜನಾನೇ ತಗೊಂಡಿರ್ತಾರೆ, ನೀವು ಊಟ ಮಾಡಿ," ಎನ್ನುತ್ತಾ ಅವಳು, ಸೊಪ್ಪಿನ ಕೆಳಗೆ ಹೊಸ ಚಪ್ಪಲಿ ಮುಚ್ಚಿಟ್ಟಿದ್ದ ಚೀಲವನ್ನು ಮೆಲ್ಲನೆ ಮಂಚದಡಿಗೆ ಸರಿಸಿದಳು.