ಟೇಬಲ್ಲಿಗೆ ಬಣ್ಣ ಹೊಡೆದವರು

ಅಳಿಯ ಮನೆಯಲ್ಲೇ ಬಣ್ಣ ಹೊಡೆದೆನೆಂದ ಟೇಬಲ್ಲಿನ ಮೇಲೆ ಮಾವ ಅಂಗೈ ಆಡಿಸಿದರು. ಕನ್ನಡಿಯಂಥ ಹೊಳಪು, ಒಂದು ಧೂಳಿನ ಕಣವೂ ಕೈಗೆ ತಾಗಲಿಲ್ಲ. ನಲವತ್ತು ವರ್ಷ ಪೇಂಟರಾಗಿದ್ದವರಿಗೆ ಅನುಮಾನ ಬರಲು ಅಷ್ಟು ಸಾಕಾಯಿತು. ಮಾತಿಗೆ ಬಣ್ಣ ಹಚ್ಚುವುದರಲ್ಲಿ ಅಳಿಯ ಗಟ್ಟಿಗ, ಸರಿ, ಮರಕ್ಕೆ? ತಮ್ಮ ಪೇಂಟಿಂಗ್ ಶೆಡ್ಡನ್ನು ಅವನಿಗೆ ವಹಿಸಬಹುದೇ ಎಂದು ನೋಡಲೆಂದೇ ಬಂದಿದ್ದರು.

“ನೀವೇ ಹೊಡೆದ್ರಾ ಅಳಿಯಂದ್ರೇ?”

“ಇನ್ನೇನು, ಬೆಕ್ಕು ಹೊಡೀತಾ ಮಾವ?”

“ಕೊನೇ ಕೋಟ್ ಹೇಗೆ ಒಣಗಿಸಿದ್ರಿ?”

“ಫ್ಯಾನ್ ಹಾಕ್ದೆ. ಫುಲ್ ಸ್ಪೀಡು!”

ಒಳಗೆ ಲೋಟ ತೊಳೆಯುತ್ತಿದ್ದ ಮಗಳಿಗೆ ತಡೆಯಲಾಗಲಿಲ್ಲ. “ಅಯ್ಯೋ, ಫ್ಯಾನ್ ಹಾಕಿದ್ರೆ ಧೂಳೆಲ್ಲಾ ಬಂದು ಅಂಟ್ಕೊಳ್ಳಲ್ವೇನ್ರೀ! ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಬಾಗಿಲು ಮುಚ್ಚಿಟ್ಟಿದ್ದೆ ಕಣಪ್ಪಾ.”

ಅಳಿಯ ತಲೆ ಎತ್ತಿ ಫ್ಯಾನನ್ನೇ ನೋಡತೊಡಗಿದ.

“ನಾಳೆಯಿಂದ ಶೆಡ್ಡಿಗೆ ನೀನು ಬಾಮ್ಮಾ,” ಎಂದರು ಮಾವ. “ಲೋಟ ಇವರು ತೊಳೀತಾರೆ.”